ಮಡಚುವ ಚಾಕುವಿನ ಪಿವಟ್: ಪದೇ ಪದೇ ಕೇಳುವ ಪ್ರಶ್ನೆಗಳು

ಅಲಗು ಅಲ್ಲಾಡುತ್ತದೆ, ತೆರೆಯಲು ಬಿಗಿ, ಒಂದು ಕಡೆ ವಾಲಿದೆ, ಸ್ಕ್ರೂ ತಾನಾಗಿ ಸಡಿಲವಾಗುತ್ತದೆ. ದೂರು ಯಾವುದೇ ಇರಲಿ, ಎಲ್ಲರ ಕೈ ಮೊದಲು ಹೋಗುವುದು ಪಿವಟ್ ಸ್ಕ್ರೂಗೆ. ಎಷ್ಟೋ ಸಲ ತಪ್ಪು ಇರುವುದು ಬೇರೆಡೆ: ಲಾಕಿನಲ್ಲಿ, ವಾಷರಿನ ಕೊಳೆಯಲ್ಲಿ, ಹಿಡಿಯ ಸ್ಕ್ರೂಗಳಲ್ಲಿ. ಹಾಗಾಗಿ ಸ್ಕ್ರೂ ಡ್ರೈವರ್ ತೆಗೆಯುವ ಮೊದಲು ಕಾಯಿಲೆ ಯಾವುದೆಂದು ಗುರುತಿಸುವುದರಿಂದಲೇ ಶುರು ಮಾಡೋಣ.

ಪಿವಟ್ ಒಳಗೆ ಏನೇನಿರುತ್ತದೆ?

ಅಲಗು ತಿರುಗುವ ಕೀಲೇ ಪಿವಟ್. ನಡುವೆ ಒಂದು ಉಕ್ಕಿನ ಕೊಳವೆ, ಅದರೊಳಕ್ಕೆ ಹೋಗುವ ಸ್ಕ್ರೂ, ಅಲಗಿನ ಎರಡೂ ಪಕ್ಕಕ್ಕೆ ಒಂದೊಂದು ವಾಷರ್ ಅಥವಾ ಬೇರಿಂಗ್, ಇವೆಲ್ಲವನ್ನೂ ಹೊರಗಿನಿಂದ ಒತ್ತಿ ಹಿಡಿಯುವ ಹಿಡಿಯ ಎರಡು ಹೋಳುಗಳು. ಅಲಗಿನ ಬುಡದಲ್ಲಿರುವ ತೂತು ಕೊಳವೆಯ ಮೇಲೆ ಸುತ್ತುತ್ತದೆ. ಸ್ಕ್ರೂ ತಿರುಗಿಸಿದಾಗ ಬದಲಾಗುವುದು ಒಂದೇ: ಆ ಎರಡು ಹೋಳುಗಳು ವಾಷರನ್ನೂ ಅಲಗನ್ನೂ ಎಷ್ಟು ಗಟ್ಟಿಯಾಗಿ ಅಮುಕುತ್ತವೆ ಎಂಬುದು. ತೂತಿಗೂ ಕೊಳವೆಗೂ ನಡುವಿನ ಸಂದು ಸ್ಕ್ರೂ ತಿರುಗಿಸಿದರೆ ಬದಲಾಗುವುದಿಲ್ಲ. ಮುಂದಿನ ಅರ್ಧಕ್ಕರ್ಧ ಉತ್ತರಗಳು ಈ ಮಾತಿನಿಂದಲೇ ಹುಟ್ಟುತ್ತವೆ.

ಅಲಗು ಅಲ್ಲಾಡುತ್ತಿದೆ. ಪಿವಟ್ ಬಿಗಿ ಮಾಡಬೇಕೇ?

ಯಾವ ದಿಕ್ಕಿಗೆ ಅಲ್ಲಾಡುತ್ತದೆ ಎಂದು ಮೊದಲು ನೋಡಿ. ಚಾಕು ತೆರೆದು ಲಾಕ್ ಕೂತ ಮೇಲೆ, ಒಂದು ಕೈಯಲ್ಲಿ ಹಿಡಿಯನ್ನು ಪಿವಟ್ ಹತ್ತಿರ ಹಿಡಿದುಕೊಳ್ಳಿ. ಇನ್ನೊಂದು ಕೈಯ ಹೆಬ್ಬೆರಳು ಮತ್ತು ತೋರುಬೆರಳಿನಿಂದ ಅಲಗಿನ ಬೆನ್ನಿನ ಕಡೆಯನ್ನು ಚಿವುಟಿದಂತೆ ಹಿಡಿದು ಎಡಕ್ಕೂ ಬಲಕ್ಕೂ ತಳ್ಳಿ. ಕಣ್ಣಿಗೆ ಕಾಣದಿದ್ದರೂ ಬೆರಳಿಗೆ ಸಣ್ಣದೊಂದು ‘ಟಕ್’ ತಿಳಿಯುತ್ತದೆ. ಇದು ಪಕ್ಕದ ಅಲ್ಲಾಟ, ಪಿವಟ್ ಬಿಗಿ ಮಾಡಿದರೆ ಹೋಗುತ್ತದೆ.

ಈಗ ಅಲಗನ್ನು ಮೇಲಕ್ಕೂ ಕೆಳಕ್ಕೂ, ಅಂದರೆ ಮಡಚುವ ದಿಕ್ಕಿನಲ್ಲಿ ಅಲುಗಿಸಿ. ಇಲ್ಲಿ ಅಲ್ಲಾಡಿದರೆ ಕಾರಣ ಲಾಕ್, ಸ್ಟಾಪ್ ಪಿನ್ (ಅಲಗು ತಾಗಿ ನಿಲ್ಲುವ ಕಡ್ಡಿ) ಅಥವಾ ಸವೆದ ತೂತು. ಪಿವಟನ್ನು ಎಷ್ಟು ಬಿಗಿ ಮಾಡಿದರೂ ಇದು ವಾಸಿಯಾಗುವುದಿಲ್ಲ, ತಿರುಗುವುದು ಗಡುಸಾಗಿ ಅಲ್ಲಾಟ ಕೆಲಕಾಲ ಮರೆಯಾಗುತ್ತದೆ ಅಷ್ಟೇ. ಮೊದಲು ಲಾಕ್ ಮುಖ ಮತ್ತು ಸ್ಟಾಪ್ ಪಿನ್ ಸುತ್ತ ಕೊಳೆ ಕೂತಿದೆಯೇ ನೋಡಿ, ಒರೆಸಿ ಮತ್ತೆ ಪರೀಕ್ಷಿಸಿ. ಆಮೇಲೂ ಇದ್ದರೆ ತಯಾರಕರಿಗೆ ಕಳಿಸುವ ಕೆಲಸ ಅದು.

ಇನ್ನೊಂದು ಮೋಸವಿದೆ. ಒಳಮೈಗೆ ಲೋಹದ ಲೈನರ್, ಅಂದರೆ ತೆಳು ತಗಡು, ಇಲ್ಲದ ಪ್ಲಾಸ್ಟಿಕ್ ಹಿಡಿಗಳು ಗಟ್ಟಿಯಾಗಿ ತಳ್ಳಿದರೆ ಬಾಗುತ್ತವೆ. ಅಲಗು ಅಲ್ಲಾಡಿದಂತೆ ಅನ್ನಿಸುತ್ತದೆ, ಆದರೆ ‘ಟಕ್’ ಇರುವುದಿಲ್ಲ, ಮೆತ್ತಗೆ ಬಾಗಿ ಮೆತ್ತಗೆ ವಾಪಸ್ ಬರುತ್ತದೆ. ಅದು ದೋಷವಲ್ಲ.

ಯಾವ ಸ್ಕ್ರೂ ಡ್ರೈವರ್ ಬೇಕು?

ಈಗಿನ ಒಳ್ಳೆಯ ಚಾಕುಗಳಲ್ಲಿ ಹೆಚ್ಚಾಗಿ ಇರುವುದು ಆರು ದಳದ ಟಾರ್ಕ್ಸ್ ತಲೆ. 1967ರಲ್ಲಿ ಬಂದ ವಿನ್ಯಾಸವಿದು. ಪಿವಟ್‌ಗೆ ಸಾಮಾನ್ಯವಾಗಿ ಟಿ8, ದೊಡ್ಡ ಚಾಕುಗಳಲ್ಲಿ ಟಿ10; ಹಿಡಿಯ ಸ್ಕ್ರೂ ಮತ್ತು ಕ್ಲಿಪ್ ಸ್ಕ್ರೂಗಳಿಗೆ ಟಿ6. ದಳದ ತುದಿಯಿಂದ ತುದಿಗೆ ಟಿ6 ಸುಮಾರು 1.7 ಮಿ.ಮೀ., ಟಿ8 ಸುಮಾರು 2.3, ಟಿ10 ಸುಮಾರು 2.7. ವ್ಯತ್ಯಾಸ ಇಷ್ಟು ಚಿಕ್ಕದಾದ್ದರಿಂದಲೇ ಅವಾಂತರ: ಟಿ8 ತಲೆಯೊಳಗೆ ಟಿ7 ಬಿಟ್ (ಡ್ರೈವರಿನ ತುದಿ) ಹೋಗಿ ಕೂರುತ್ತದೆ, ತಿರುಗುತ್ತದೆ ಕೂಡ, ಸ್ಕ್ರೂ ಸ್ವಲ್ಪ ಅಂಟಿಕೊಂಡಿದ್ದರೆ ಅದರ ದಳಗಳನ್ನು ಉರುಟು ಮಾಡಿಬಿಡುತ್ತದೆ. ಬಿಟ್ ಹಾಕಿ ಆಚೀಚೆ ಅಲುಗಿಸಿದಾಗ ಲೊಡಲೊಡ ಎನ್ನಬಾರದು. ಎರಡು ಅಳತೆ ಹೊಂದುವಂತೆ ಕಂಡರೆ ದೊಡ್ಡದೇ ಸರಿ.

ನಡುವೆ ತೂತಿರುವ ಬಿಟ್‌ಗಳನ್ನು ಬಳಸಬೇಡಿ, ತುದಿ ಬೇಗ ಮುರಿಯುತ್ತದೆ. ಟಾರ್ಕ್ಸ್ ಪ್ಲಸ್ ಎಂಬ ಇನ್ನೊಂದು ಬಗೆಯೂ ಇದೆ. ಅದರ ದಳಗಳು ಚೌಕಾಕಾರಕ್ಕೆ ಹತ್ತಿರ; ಸಾದಾ ಟಾರ್ಕ್ಸ್ ಬಿಟ್ ಅದರೊಳಗೆ ಸಡಿಲವಾಗಿ ಕೂರುತ್ತದೆ. ಉದ್ದ ಹಿಡಿಯ ಡ್ರೈವರ್‌ಗಿಂತ ಬೆರಳ ತುದಿಯಲ್ಲಿ ತಿರುಗಿಸುವ ಪುಟ್ಟ ಡ್ರೈವರ್ ಒಳ್ಳೆಯದು. ಬೆರಳಿಗೆ ತಿಳಿಯುವ ಬಿಗಿ ಮುಷ್ಟಿಗೆ ತಿಳಿಯುವುದಿಲ್ಲ. ವಿದ್ಯುತ್ ಡ್ರೈವರ್ ಅಂತೂ ಬೇಡವೇ ಬೇಡ.

ಸರಿಯಾದ ಬಿಗಿಗೆ ತರುವುದು ಹೇಗೆ?

ಮೊದಲು ಅಲಗನ್ನು ಒರೆಸಿ, ಪಿವಟ್ ಬಳಿ ಒಂದು ಹನಿ ಎಣ್ಣೆ ಬಿಟ್ಟು ಹತ್ತಿಪ್ಪತ್ತು ಸಲ ತೆರೆದು ಮುಚ್ಚಿ. ಒಣಗಿದ ಕೀಲನ್ನು ಹೊಂದಿಸಿದರೆ ಎಣ್ಣೆ ಬಿದ್ದ ಮೇಲೆ ಲೆಕ್ಕವೆಲ್ಲ ತಪ್ಪುತ್ತದೆ. ಸ್ಕ್ರೂ ತಲೆಯ ಗುಣಿಯಲ್ಲಿ ಜೇಬಿನ ನೂಲು, ಧೂಳು ತುಂಬಿರುತ್ತದೆ. ಸೂಜಿ ಮೊನೆಯಿಂದ ಕೆದಕಿ ತೆಗೆಯಿರಿ.

ಪಕ್ಕಕ್ಕೆ ಅಲ್ಲಾಡುತ್ತಿದ್ದರೆ ಚಾಕು ಮಡಚಿ, ಬಿಟ್ಟನ್ನು ನೇರವಾಗಿ ಒತ್ತಿ, ಗಡಿಯಾರದ ಮುಳ್ಳಿನ ದಿಕ್ಕಿಗೆ ತಿರುಗಿಸಿ. ಎಷ್ಟು? ಗಡಿಯಾರದಲ್ಲಿ 12ರಿಂದ 1ಕ್ಕೆ, ಅಂದರೆ 30 ಡಿಗ್ರಿ. ಅದಕ್ಕಿಂತ ಹೆಚ್ಚಿಲ್ಲ. ಇದೇನು ಇಷ್ಟೇನಾ ಅನ್ನಿಸಬಹುದು. ಎಂ3, ಅಂದರೆ 3 ಮಿ.ಮೀ. ವ್ಯಾಸದ ಸಾಮಾನ್ಯ ಸ್ಕ್ರೂ ಒಂದು ಪೂರ್ತಿ ಸುತ್ತಿಗೆ 0.5 ಮಿ.ಮೀ. ಒಳಗೆ ಹೋಗುತ್ತದೆ, 30 ಡಿಗ್ರಿಗೆ 0.04 ಮಿ.ಮೀ. ಪಿವಟ್‌ನಲ್ಲಿ ಸಡಿಲಕ್ಕೂ ಬಿಗಿಗೂ ನಡುವೆ ಇರುವ ಜಾಗವೇ ಅಷ್ಟು. ತಿರುಗಿಸಿ, ತೆರೆದು ಪರೀಕ್ಷಿಸಿ, ಬೇಕಿದ್ದರೆ ಇನ್ನೊಂದು ‘ಗಂಟೆ’. ಹತ್ತಿರ ಬಂದ ಮೇಲೆ ಅರ್ಧ ಗಂಟೆ, ಕಾಲು ಗಂಟೆಯಷ್ಟು ಮಾತ್ರ.

ಒಳ್ಳೆಯ ಉಪಾಯವೆಂದರೆ ಬಿಗಿಯ ಕಡೆಯಿಂದ ಬರುವುದು. ಅಲ್ಲಾಟ ಪೂರ್ತಿ ಹೋಗಿ ಅಲಗು ತುಸು ಗಡುಸಾಗುವವರೆಗೆ ಬಿಗಿ ಮಾಡಿ, ಆಮೇಲೆ ಸರಾಗವಾಗುವವರೆಗೆ ಕೂದಲೆಳೆಯಷ್ಟು ಬಿಚ್ಚುತ್ತ ಬನ್ನಿ. ಅಲ್ಲಾಟ ಮತ್ತೆ ಶುರುವಾಗುವ ಮುನ್ನ ನಿಲ್ಲಿಸಿ. ಈ ಎರಡರ ನಡುವೆ ಜಾಗವೇ ಸಿಗದಿದ್ದರೆ, ಅಂದರೆ ಅಲ್ಲಾಟ ಹೋದ ಕ್ಷಣವೇ ಅಲಗು ಕಚ್ಚಿಕೊಂಡರೆ, ತಪ್ಪು ಸ್ಕ್ರೂನಲ್ಲಿಲ್ಲ. ವಾಷರ್ ಮಡಿಚಿದೆ, ಅಂಚಿನಲ್ಲಿ ಲೋಹದ ಸಿಬಿರು ಎದ್ದಿದೆ ಅಥವಾ ಒಳಗೆ ಮರಳಿನ ಕಣ ಸಿಕ್ಕಿಕೊಂಡಿದೆ. ಬಿಚ್ಚಿ ನೋಡಬೇಕು.

ಸ್ಕ್ರೂ ತಿರುಗಿಸಿದರೆ ಇನ್ನೊಂದು ಪಕ್ಕವೂ ಜೊತೆಗೇ ತಿರುಗುತ್ತದೆ. ಏನು ಮಾಡುವುದು?

ಕೆಲವು ಕೊಳವೆಗಳ ಒಂದು ಪಕ್ಕ ಚಪ್ಪಟೆಯಾಗಿರುತ್ತದೆ, ಹಿಡಿಯ ತೂತೂ ಅದೇ ಆಕಾರದಲ್ಲಿರುತ್ತದೆ, ಹಾಗಾಗಿ ಕೊಳವೆ ತಿರುಗುವುದಿಲ್ಲ. ಪೂರ್ತಿ ದುಂಡಗಿರುವ ಕೊಳವೆಗೆ ಈ ಹಿಡಿತವಿಲ್ಲ. ಎರಡೂ ಕಡೆ ಬಿಟ್ ಹಾಕುವ ಗುಣಿ ಇದ್ದರೆ ಎರಡು ಡ್ರೈವರ್ ಬಳಸಿ. ಒಂದೇ ಕಡೆ ಗುಣಿ ಇದ್ದರೆ ಅಲಗನ್ನು ಅರ್ಧ ತೆರೆದು ಪಕ್ಕಕ್ಕೆ ಹಗುರವಾಗಿ ಒತ್ತಿ ಹಿಡಿಯಿರಿ. ಕೊಳವೆಯ ಮೇಲೆ ಬಿದ್ದ ಒತ್ತಡ ಅದನ್ನು ತಡೆಯಲು ಸಾಕಾಗುತ್ತದೆ. ನುಣುಪಾದ ತಲೆಯ ಮೇಲೆ ರಬ್ಬರ್ ತುಂಡು ಇಟ್ಟು ಹೆಬ್ಬೆರಳಿನಿಂದ ಅದುಮುವುದೂ ಒಂದು ದಾರಿ. ಇಕ್ಕಳ ಹಾಕಿದರೆ ಗೀರು ಖಂಡಿತ.

ಮಡಚಿದಾಗ ಅಲಗು ನಡುವೆ ಕೂರದೆ ಒಂದು ಕಡೆ ವಾಲುತ್ತದೆ.

ಹಿಡಿಗೆ ತಾಗುತ್ತಿಲ್ಲವಾದರೆ ಇದು ಕಣ್ಣಿನ ಕಿರಿಕಿರಿಯೇ ಹೊರತು ಚಾಕುವಿನ ತೊಂದರೆಯಲ್ಲ. ಕಾರಣ ಮಾತ್ರ ತಿಳಿದಿರಲಿ. ಲೈನರಿನದೋ ಹಿಡಿಯದೋ ಒಂದು ಪಟ್ಟಿಯೇ ಲಾಕ್ ಆಗಿರುವ ಲೈನರ್ ಲಾಕ್ ಮತ್ತು ಫ್ರೇಮ್ ಲಾಕ್ ಚಾಕುಗಳಲ್ಲಿ ಆ ಲಾಕ್ ಪಟ್ಟಿ ಮಡಚಿದ ಅಲಗನ್ನು ಸದಾ ಎದುರು ಪಕ್ಕಕ್ಕೆ ತಳ್ಳುತ್ತಿರುತ್ತದೆ. ಪಿವಟ್ ಸಡಿಲವಿದ್ದರೆ ಅಲಗು ಆ ಕಡೆಗೆ ವಾಲುತ್ತದೆ. ಆದ್ದರಿಂದ ಮೊದಲ ಮದ್ದು ಪಿವಟನ್ನು 12ರಿಂದ 1ಕ್ಕೆ ಬಿಗಿ ಮಾಡುವುದೇ.

ಅದಕ್ಕೆ ಬಗ್ಗದಿದ್ದರೆ ಹಿಡಿಯ ಸ್ಕ್ರೂಗಳನ್ನೆಲ್ಲ ಅರ್ಧ ಸುತ್ತು ಸಡಿಲಿಸಿ. ಅಲಗು ಮಡಚಿಟ್ಟು ಹಿಡಿಯನ್ನು ಸ್ವಲ್ಪ ಹೊಂದಿಸಿ ಅಲಗು ನಡುವೆ ಬರುವಂತೆ ಮಾಡಿ, ಮೊದಲು ಪಿವಟನ್ನು ಕೈಗೆ ತಡೆ ಸಿಗುವಷ್ಟು, ಆಮೇಲೆ ಪಿವಟ್‌ಗೆ ಹತ್ತಿರದ ಸ್ಕ್ರೂನಿಂದ ಹಿಂದಕ್ಕೆ ಒಂದೊಂದಾಗಿ ಬಿಗಿ ಮಾಡಿ, ಕೊನೆಗೆ ಪಿವಟ್ ಹೊಂದಿಸಿ. ತೂತುಗಳಲ್ಲಿ ಇರುವ ಅಲ್ಪ ಸಂದಿನಿಂದಾಗಿ ಹೋಳುಗಳು ಬೇರೆ ಜಾಗದಲ್ಲಿ ಕೂತುಕೊಳ್ಳುತ್ತವೆ, ಎಷ್ಟೋ ಚಾಕು ಇಷ್ಟಕ್ಕೇ ಸರಿಹೋಗುತ್ತದೆ. ಇದರಿಂದಲೂ ಆಗದಿದ್ದರೆ ಬಿಚ್ಚಿ, ಎರಡು ವಾಷರುಗಳನ್ನು ಅದಲು ಬದಲು ಮಾಡಿ ನೋಡಬಹುದು. ಅಲಗನ್ನೋ ಲೈನರನ್ನೋ ಬಗ್ಗಿಸಿ ನಡುವೆ ತರುವ ಸಾಹಸ ಬೇಡ.

ಸ್ಕ್ರೂ ಎರಡು ದಿನಕ್ಕೊಮ್ಮೆ ತಾನಾಗಿ ಸಡಿಲವಾಗುತ್ತದೆ. ಅಂಟು ಹಾಕಬಹುದೇ?

ಹೊಸ ಚಾಕುವಾದರೆ ಕೆಲವು ವಾರ ತಾಳಿ. ವಾಷರ್ ಮೇಲಿನ ತಯಾರಿಕೆಯ ಒರಟು ಸವೆದು ಕೂತುಕೊಳ್ಳುವಾಗ ಒಮ್ಮೆಯೋ ಎರಡು ಸಲವೋ ಬಿಗಿ ಮಾಡಬೇಕಾಗುವುದು ಸಹಜ.

ಆಮೇಲೂ ನಿಲ್ಲದಿದ್ದರೆ ಥ್ರೆಡ್ ಲಾಕರ್, ಅಂದರೆ ಸ್ಕ್ರೂವಿನ ಸುರುಳಿ ಗೆರೆಗಳಿಗೆ (ಥ್ರೆಡ್) ಹಾಕುವ ಅಂಟು. ಲಾಕ್ಟೈಟ್ ಎಂಬ ಬ್ರ್ಯಾಂಡಿನ ಬಣ್ಣಗಳ ಪ್ರಕಾರ ಹೇಳುವುದಾದರೆ ನೇರಳೆಯ 222 ಸಣ್ಣ ಸ್ಕ್ರೂಗಳಿಗೆಂದೇ ಇರುವ ಕಡಿಮೆ ಬಲದ್ದು, ನೀಲಿಯ 242 ಮತ್ತು 243 ಮಧ್ಯಮ, ಕೆಂಪಿನ 271 ಬಲವಾದದ್ದು. ಪಿವಟ್‌ಗೆ ನೇರಳೆ ಸಾಕು, ನೀಲಿಯೂ ನಡೆಯುತ್ತದೆ. ಕೆಂಪು ಹಾಕಿದರೆ ಮುಂದೆ ಬಿಚ್ಚುವವರು ನಿಮ್ಮನ್ನು ಶಪಿಸುತ್ತಾರೆ, ಬಹುಶಃ ಅದು ನೀವೇ ಆಗಿರುತ್ತೀರಿ.

ಹಾಕುವ ಬಗೆ ಹೀಗೆ. ಸ್ಕ್ರೂ ತೆಗೆದು ಅದರ ಥ್ರೆಡ್ಡನ್ನೂ ಕೊಳವೆಯ ಒಳಗನ್ನೂ ಐಸೊಪ್ರೊಪೈಲ್ ಆಲ್ಕೊಹಾಲಿನಿಂದ ಜಿಡ್ಡಿಲ್ಲದಂತೆ ಒರೆಸಿ ಒಣಗಿಸಿ. ಟೂತ್‌ಪಿಕ್ ತುದಿಯಲ್ಲಿ ಸಾಸಿವೆ ಕಾಳಿಗಿಂತ ಚಿಕ್ಕ ಹನಿ ತೆಗೆದು, ಸ್ಕ್ರೂವಿನ ತುದಿ ಕಡೆಯ ಎರಡು ಮೂರು ಥ್ರೆಡ್‌ಗೆ ಮಾತ್ರ ಸವರಿ. ಬಾಟಲಿಯಿಂದ ನೇರವಾಗಿ ಕೊಳವೆಯೊಳಗೆ ಬಿಟ್ಟರೆ ಹೆಚ್ಚಾದದ್ದು ಒಸರಿ ವಾಷರಿಗೆ ಇಳಿಯುತ್ತದೆ. ಮರುದಿನ ಅಲಗೇ ಅಂಟಿ ಕೂತಿರುತ್ತದೆ. ಸ್ಕ್ರೂ ಹಾಕಿದ ಕೂಡಲೇ, ಅಂಟು ಇನ್ನೂ ದ್ರವವಾಗಿರುವಾಗಲೇ, ಬಿಗಿ ಹೊಂದಿಸಿ ಮುಗಿಸಿ. ಆಮೇಲೆ 24 ಗಂಟೆ ಮುಟ್ಟಬೇಡಿ. ಈ ಅಂಟು ಗಾಳಿಯಿಲ್ಲದೆಡೆ, ಲೋಹದ ಸ್ಪರ್ಶದಲ್ಲಿ ಗಟ್ಟಿಯಾಗುವಂಥದ್ದು. ಸ್ಟೇನ್‌ಲೆಸ್ ಉಕ್ಕು ಮತ್ತು ಟೈಟಾನಿಯಂ ಮೇಲೆ ಇನ್ನೂ ನಿಧಾನ. ಗಟ್ಟಿಯಾದ ಮೇಲೆ ‘ಸ್ವಲ್ಪ ತಿರುಗಿಸಿ ನೋಡೋಣ’ ಎಂದರೆ ಹಿಡಿತ ಮುರಿಯುತ್ತದೆ, ಮತ್ತೆ ಮೊದಲಿನಿಂದ. ಕೆಲವು ಪ್ಲಾಸ್ಟಿಕ್‌ಗಳು ಇದು ತಾಗಿದರೆ ಬಿರುಕು ಬಿಡುತ್ತವೆ, ಹಿಡಿಗೆ ತಾಗಿಸಬೇಡಿ.

ಸ್ಕ್ರೂ ಅಲುಗುವುದೇ ಇಲ್ಲ. ಬಲ ಹಾಕಲೇ?

ಬೇಡ, ಬಿಸಿ ಹಾಕಿ. ಕಾರ್ಖಾನೆಯಲ್ಲೇ ಹಾಕಿದ ಥ್ರೆಡ್ ಲಾಕರ್ ಹಿಡಿದಿರುತ್ತದೆ. ಕಾದ ಸೋಲ್ಡರಿಂಗ್ ಐರನ್ನಿನ ತುದಿಯನ್ನು ಸ್ಕ್ರೂವಿನ ತಲೆಗೆ 20ರಿಂದ 30 ಸೆಕೆಂಡ್ ತಾಗಿಸಿ, ತಕ್ಷಣ ಬಿಟ್ ಹಾಕಿ, ಕೆಳಕ್ಕೆ ಗಟ್ಟಿಯಾಗಿ ಒತ್ತುತ್ತ ನಿಧಾನವಾಗಿ ತಿರುಗಿಸಿ. ಬರದಿದ್ದರೆ ಇನ್ನೊಂದು ಸಲ ಕಾಯಿಸಿ. ಹಿಡಿ ಪ್ಲಾಸ್ಟಿಕ್ ಆಗಿದ್ದರೆ ಹೊತ್ತು ಕಡಿಮೆ ಮಾಡಿ, ನಡುನಡುವೆ ಆರಲು ಬಿಡಿ. ನೈಲಾನ್ ವಾಷರ್ ಕರಗುತ್ತದೆ. ಬೆಂಕಿಯ ಜ್ವಾಲೆ ಬೇಡ, ಅಲಗಿನ ಹದ ಹೋಗುತ್ತದೆ.

ತಲೆ ಆಗಲೇ ಉರುಟಾಗಿದ್ದರೆ: ಗುಣಿಯ ಮೇಲೆ ಅಗಲವಾದ ತೆಳು ರಬ್ಬರ್ ಬ್ಯಾಂಡ್ ಇಟ್ಟು ಬಿಟ್ ಒತ್ತಿ ತಿರುಗಿಸಿ. ಅದೂ ಹಿಡಿಯದಿದ್ದರೆ ಒಂದು ಅಳತೆ ದೊಡ್ಡ ಬಿಟ್ಟನ್ನು ಹಗುರವಾಗಿ ತಟ್ಟಿ ಕೂರಿಸಿ. ಬಂದ ಸ್ಕ್ರೂವನ್ನು ಮತ್ತೆ ಹಾಕಬೇಡಿ, ಹೊಸದು ತರಿಸಿ.

ಬಿಚ್ಚದೆ ಸ್ವಚ್ಛ ಮಾಡಬಹುದೇ?

ಮಾಡಬಹುದು, ಹೆಚ್ಚಿನ ಸಲ ಇಷ್ಟೇ ಸಾಕು. ಉಗುರುಬೆಚ್ಚಗಿನ ನೀರಿಗೆ ಪಾತ್ರೆ ತೊಳೆಯುವ ದ್ರವ ಎರಡು ಹನಿ ಹಾಕಿ, ಅದರಲ್ಲಿ ಪಿವಟ್ ಮುಳುಗಿಸಿ ಅಲಗನ್ನು ಆಡಿಸಿ, ಹಳೆಯ ಟೂತ್‌ಬ್ರಷ್‌ನಿಂದ ಸಂದು ಉಜ್ಜಿ, ಬಿಸಿ ನೀರಲ್ಲಿ ತೊಳೆದು ಕೊಡವಿ. ಬಟ್ಟೆಯಲ್ಲಿ ಒರೆಸಿ, ತೆರೆದಿಟ್ಟು ಪೂರ್ತಿ ಒಣಗಿಸಿ. ಒಳಗೆ ಉಳಿದ ನೀರನ್ನು ಹೊರದೂಡಲು ಕೊನೆಗೆ ಸ್ವಲ್ಪ ಐಸೊಪ್ರೊಪೈಲ್ ಬಿಟ್ಟರೆ ಉತ್ತಮ. ಆಮೇಲೆ ಎಣ್ಣೆ ಮರೆಯಬೇಡಿ, ತೊಳೆದದ್ದರಲ್ಲಿ ಇದ್ದದ್ದೂ ಹೋಗಿರುತ್ತದೆ. ಮರ, ಕೊಂಬು, ಮೂಳೆಯ ಹಿಡಿಯನ್ನು ನೀರಲ್ಲಿ ಮುಳುಗಿಸಬಾರದು.

ಪೂರ್ತಿ ಬಿಚ್ಚುವಾಗ ಏನೇನು ಎಚ್ಚರ?

ಬಿಚ್ಚಿದರೆ ವಾರಂಟಿ ಹೋಗುತ್ತದೆ ಎನ್ನುವ ತಯಾರಕರಿದ್ದಾರೆ; ಮೊದಲು ಅದನ್ನು ಓದಿ. ಸ್ಪ್ರಿಂಗ್ ಬಲದಿಂದ ತೆರೆಯುವ ಚಾಕುಗಳನ್ನು ಬಿಚ್ಚದಿರುವುದೇ ಲೇಸು, ಒಳಗಿನ ಸ್ಪ್ರಿಂಗ್ ಹಾರಿದರೆ ಕೂರಿಸುವುದು ಕಷ್ಟ.

ಅಲಗಿನ ಬಾಯಿಗೆ ಕಾಗದದ ಟೇಪನ್ನು ಎರಡು ಪದರ ಸುತ್ತಿ. ಅಂಚಿರುವ ತಟ್ಟೆಯಲ್ಲಿ ಬಿಳಿ ಬಟ್ಟೆ ಹಾಸಿ ಅದರ ಮೇಲೆ ಕೆಲಸ ಮಾಡಿ. ಬೇರಿಂಗಿನಿಂದ ಬಿದ್ದ ಗುಂಡು ನೆಲದ ಮೇಲೆ ಪುಟಿದರೆ ಸಿಗುವುದಿಲ್ಲ, ಬಟ್ಟೆಯ ಮೇಲೆ ನಿಲ್ಲುತ್ತದೆ. ತೆಗೆದ ಭಾಗಗಳನ್ನು ತೆಗೆದ ಕ್ರಮದಲ್ಲೇ ಸಾಲಾಗಿ ಇಡಿ, ಒಂದೊಂದು ಹಂತಕ್ಕೂ ಫೋಟೋ ತೆಗೆದುಕೊಳ್ಳಿ. ವಾಷರಿನ ಯಾವ ಮುಖ ಅಲಗಿನ ಕಡೆಗಿತ್ತು, ಬೇರಿಂಗಿನ ಯಾವ ಮುಖ ಹೊರಗಿತ್ತು ಎಂಬುದು ಐದು ನಿಮಿಷದಲ್ಲಿ ಮರೆತುಹೋಗುತ್ತದೆ. ಸ್ಕ್ರೂಗಳ ಉದ್ದವೂ ಒಂದೇ ಇರುವುದಿಲ್ಲ.

ಅಲಗಿನ ಬುಡವನ್ನು ಬೆಳಕಿಗೆ ಹಿಡಿದರೆ ಬಿಲ್ಲಿನಂತೆ ಬಾಗಿದ ಒಂದು ಹೊಳೆಯುವ ಗೆರೆ ಕಾಣುತ್ತದೆ. ಅದು ಗೀರಲ್ಲ, ಲಾಕ್ ಪಟ್ಟಿಯಲ್ಲಿರುವ ಡಿಟೆಂಟ್ ಗುಂಡು ಓಡಾಡಿದ ದಾರಿ. ಗೆರೆಯ ಕೊನೆಯಲ್ಲಿ ಒಂದು ಸಣ್ಣ ಕುಳಿ: ಮಡಚಿದ ಅಲಗು ತಾನಾಗಿ ತೆರೆಯದಂತೆ ಗುಂಡು ಬಂದು ಕೂರುವ ಜಾಗ. ಗರಗರ ಸದ್ದು ಬರುತ್ತಿದ್ದರೆ ಅನೇಕ ಸಲ ಅದರ ಮೂಲ ಈ ಗೆರೆಯೇ. ಕಂಚಿನ ವಾಷರಿನ ಮೇಲೆ ಕಾಡಿಗೆಯಂಥ ಕಪ್ಪು ಲೇಪ ಕಂಡರೆ ಗಾಬರಿ ಬೇಡ, ಸವೆದ ಕಂಚಿನ ಪುಡಿ ಎಣ್ಣೆಯಲ್ಲಿ ಕಲೆತದ್ದು ಅದು, ಒರೆಸಿದರೆ ಸಾಕು.

ಜೋಡಿಸುವಾಗ ವಾಷರಿಗೆ ಒಂದು ಚುಕ್ಕಿ ಎಣ್ಣೆ ಸವರಿದರೆ ಹಿಡಿಗೆ ಅಂಟಿ ನಿಲ್ಲುತ್ತದೆ, ಜಾರುವುದಿಲ್ಲ. ಪಿವಟ್ ಸ್ಕ್ರೂ ಕೈಗೆ ತಡೆ ಸಿಗುವಷ್ಟು ಹಾಕಿ, ಹಿಡಿಯ ಸ್ಕ್ರೂಗಳನ್ನು ಬಿಗಿ ಮಾಡಿ, ಕೊನೆಗೆ ಪಿವಟ್ ಹೊಂದಿಸಿ. ಮೊದಲೇ ಪಿವಟ್ ಹೊಂದಿಸಿದರೆ ಹಿಡಿ ಬಿಗಿಯುವಾಗ ಅದು ಕೆಡುತ್ತದೆ. ಟಿ6 ಸ್ಕ್ರೂಗಳನ್ನು ಎರಡು ಬೆರಳಲ್ಲಿ ಎಷ್ಟಾಗುತ್ತದೋ ಅಷ್ಟೇ ಬಿಗಿ ಮಾಡಿ. ತಲೆ ಹೋಗುವುದರಲ್ಲಿ ಇವೇ ಮೊದಲು.

ವಾಷರ್ ಒಳ್ಳೆಯದೋ ಬೇರಿಂಗ್ ಒಳ್ಳೆಯದೋ?

ಫಾಸ್ಫರ್ ಬ್ರಾಂಜ್, ಅಂದರೆ ಕಂಚಿನ ವಾಷರ್ ಮೊದಮೊದಲು ಬಿಗುಮಾನ ತೋರಿಸಿದರೂ ಬಳಸಿದಷ್ಟೂ ನಯವಾಗುತ್ತದೆ, ಕೊಳೆಯನ್ನು ಸಹಿಸುತ್ತದೆ. ಟೆಫ್ಲಾನ್ ಮತ್ತು ನೈಲಾನ್ ಮೊದಲ ದಿನದಿಂದಲೇ ನಯ, ಆದರೆ ಮೆದು. ಹೆಚ್ಚು ಬಿಗಿ ಮಾಡಿದರೆ ಅಮುಕಿ ಹರಡುತ್ತವೆ. ಗುಂಡಿನ ಬೇರಿಂಗಿನಷ್ಟು ಸರಾಗ ಯಾವುದೂ ಇಲ್ಲ. ಆದರೆ ಗುಂಡುಗಳು ಚುಕ್ಕಿಯಷ್ಟೇ ಜಾಗದ ಮೇಲೆ ಭಾರ ಹಾಕುತ್ತವೆ, ಹಾಗಾಗಿ ಪಿವಟನ್ನು ಅತಿ ಬಿಗಿ ಮಾಡಿದರೆ ಅವು ಕೂತ ಜಾಗದಲ್ಲಿ ಗುಳಿ ಬೀಳುತ್ತದೆ. ಆಮೇಲೆ ಅಲಗು ತಿರುಗಿಸಿದಾಗಲೆಲ್ಲ ಮೆಟ್ಟಿಲು ಇಳಿದ ಹಾಗೆ ಕಟಕಟ ಎನ್ನುತ್ತದೆ. ಟೈಟಾನಿಯಂ ಹಿಡಿಯ ಮೇಲೆ ಗಟ್ಟಿ ಉಕ್ಕಿನ ಬಿಲ್ಲೆಯಿಲ್ಲದೆ ನೇರವಾಗಿ ಓಡುವ ಬೇರಿಂಗಿಗೆ ಈ ಅಪಾಯ ಹೆಚ್ಚು. ಮರಳು, ಮಣ್ಣಿನಲ್ಲಿ ಕೆಲಸವಿದ್ದರೆ ಕಂಚಿನ ವಾಷರೇ ನಮ್ಮ ಆಯ್ಕೆ.

ಕಂಚಿನ ವಾಷರ್ ಒರಟಾಗಿದ್ದರೆ ಗಾಜಿನ ಮೇಲೆ 2000 ಗ್ರಿಟ್ ನೀರು ಕಾಗದ (ತುಂಬ ನಯವಾದ ಉಜ್ಜುಕಾಗದ) ಇಟ್ಟು, ಒಂದು ಬೆರಳಿನಿಂದ ಒತ್ತಿ ಎಂಟರ ಆಕಾರದಲ್ಲಿ ಇಪ್ಪತ್ತು ಸಲ ಉಜ್ಜಿ. ಮೆರುಗು ಬಂದರೆ ಸಾಕು. ತೆಳುವಾಗುವಷ್ಟು ಉಜ್ಜಿದರೆ ಬೇರೆ ತೊಂದರೆ ಶುರು.

ಯಾವ ಎಣ್ಣೆ, ಎಷ್ಟು?

ತೆಳುವಾದ ಖನಿಜ ಎಣ್ಣೆ ಯಾವುದಾದರೂ ಸರಿ. ಹೊಲಿಗೆ ಯಂತ್ರದ ಎಣ್ಣೆ ಧಾರಾಳವಾಗಿ ಸಾಕು. ಚಾಕು ತಿನ್ನುವ ಪದಾರ್ಥಕ್ಕೆ ತಾಗುವುದಾದರೆ ಆಹಾರಕ್ಕೆ ಬಳಸಬಹುದಾದ ಮಿನರಲ್ ಆಯಿಲ್ ತೆಗೆದುಕೊಳ್ಳಿ. ಅಲಗನ್ನು ಅರ್ಧ ತೆರೆದು, ಬುಡ ವಾಷರಿಗೆ ಸೇರುವ ಸಂದಿಗೆ ಒಂದೊಂದು ಪಕ್ಕ ಒಂದೊಂದು ಹನಿ, ಸೂಜಿ ಮೂತಿಯ ಬಾಟಲಿಯಿಂದ. ಇಪ್ಪತ್ತು ಸಲ ಆಡಿಸಿ, ಹೊರಬಂದದ್ದನ್ನು ಒರೆಸಿ. ಡಿಟೆಂಟ್ ಗುಂಡಿನ ದಾರಿಗೆ ಬೆರಳಿಗಂಟಿದ ಎಣ್ಣೆಯೇ ಸಾಕು. ಲೈನರ್ ಅಥವಾ ಫ್ರೇಮ್ ಲಾಕಿನ ಮುಖಕ್ಕೆ ಎಣ್ಣೆ ತಾಗಿಸಬೇಡಿ, ಆ ಲಾಕ್ ನಿಂತಿರುವುದೇ ಘರ್ಷಣೆಯ ಮೇಲೆ.

ಅಡುಗೆ ಎಣ್ಣೆ ಗಾಳಿಗೆ ಅಂಟಾಗಿ ಗಟ್ಟಿಯಾಗುತ್ತದೆ. ಸಾದಾ ಡಬ್ಲ್ಯೂಡಿ-40 ಸ್ವಚ್ಛ ಮಾಡಲು ಸರಿ, ಬಹುಪಾಲು ಆರಿಹೋಗುವ ದ್ರವವಾದ್ದರಿಂದ ಎಣ್ಣೆಯ ಕೆಲಸಕ್ಕೆ ನಿಲ್ಲುವುದಿಲ್ಲ. ದಪ್ಪ ಗ್ರೀಸ್ ವಾಷರಿಗೆ ನಡೆದೀತು, ಬೇರಿಂಗನ್ನು ನಿಧಾನ ಮಾಡುತ್ತದೆ.

ಲಾಕ್ ಬಿಟ್ಟ ಕೂಡಲೇ ಅಲಗು ತಾನೇ ಬಿದ್ದು ಮುಚ್ಚಬೇಕು, ಅಲ್ಲವೇ?

ಇದು ಶೋಕಿ, ಗುಣಮಟ್ಟದ ಅಳತೆಯಲ್ಲ. ಭಾರವಾದ ಅಲಗು ಬೇರಿಂಗ್ ಮೇಲೆ ಬೀಳುತ್ತದೆ, ಹಗುರವಾದದ್ದು ವಾಷರ್ ಮೇಲೆ ಬೀಳುವುದಿಲ್ಲ, ಅಷ್ಟೇ. ಇದಕ್ಕಾಗಿ ಪಿವಟ್ ಸಡಿಲ ಮಾಡಿದರೆ ಅಲ್ಲಾಟ ಬರುತ್ತದೆ, ಲಾಕ್ ಒಂದೊಂದು ಸಲ ಒಂದೊಂದು ಕಡೆ ಕೂರುತ್ತದೆ. ಬೀಳುವ ಅಲಗಿನ ದಾರಿಯಲ್ಲಿ ಇರುವುದು ಲಾಕ್ ತಳ್ಳಿದ ಹೆಬ್ಬೆರಳು ಎಂಬುದೂ ನೆನಪಿರಲಿ.

ಸ್ಕ್ರೂ ಪೂರ್ತಿ ಬಿಗಿಯಿದ್ದರೂ ಅಲಗು ಸರಾಗವಾಗಿದೆ. ಹೇಗೆ?

ಒಳಗೆ ಬುಶಿಂಗ್ ಇದೆ. ಅಲಗು ಮತ್ತು ಎರಡು ವಾಷರ್ ಸೇರಿದ ದಪ್ಪಕ್ಕಿಂತ ಕೂದಲೆಳೆಯಷ್ಟು ಉದ್ದವಾಗಿ ಕಡೆದ ಕೊಳವೆ ಅದು. ಹಿಡಿ ಅಮುಕುವುದು ಬುಶಿಂಗನ್ನು, ಅಲಗನ್ನಲ್ಲ. ಇಂಥ ಚಾಕುವನ್ನು ಹೊಂದಿಸುವ ಪ್ರಶ್ನೆಯೇ ಇಲ್ಲ, ಬಿಗಿ ಮಾಡಿ ಬಿಡುವುದು.

ಸ್ಕ್ರೂ ಇಲ್ಲದೆ ರಿವೆಟ್ ಹೊಡೆದ ಚಾಕುವಿಗೆ?

ವಿಕ್ಟೋರಿನಾಕ್ಸ್‌ನಂಥ ಜೇಬು ಚಾಕುಗಳಲ್ಲಿ ರಿವೆಟ್ಟೇ ಪಿವಟ್, ಹೊಂದಿಸಲಾಗುವುದಿಲ್ಲ. ತೊಳೆದು ಎಣ್ಣೆ ಬಿಡುವುದಷ್ಟೇ. ಒಪಿನೆಲ್‌ನದು ಬೇರೆ ಕಥೆ. ಈ ಫ್ರೆಂಚ್ ಚಾಕುವಿನ ಮರದ ಹಿಡಿ ಒದ್ದೆಯಾದರೆ ಉಬ್ಬಿ ಅಲಗನ್ನು ಹಿಡಿದುಬಿಡುತ್ತದೆ. 1955ರಿಂದ ಬಂದ ತಿರುಗುವ ಬಳೆ ಲಾಕ್ ಮಾಡುವುದಕ್ಕೇ ಹೊರತು ಪಿವಟ್ ಬಿಗಿ ಮಾಡಲಿಕ್ಕಲ್ಲ. ಅಂಟಿಕೊಂಡ ಅಲಗನ್ನು ಉಗುರಿನಿಂದ ಎಳೆಯುವ ಬದಲು, ಬಳೆಯ ಲಾಕ್ ತೆಗೆದು ಹಿಡಿಯ ಹಿಂತುದಿಯನ್ನು ಮೇಜಿನ ಅಂಚಿಗೆ ತಟ್ಟಿ, ಮೊನೆ ಹೊರಬರುತ್ತದೆ. ಮರ ನಿಧಾನವಾಗಿ ಒಣಗಲಿ, ಬಿಸಿಲಿಗಿಟ್ಟರೆ ಸೀಳುತ್ತದೆ.

ಎಷ್ಟು ದಿನಕ್ಕೊಮ್ಮೆ ಮಾಡಬೇಕು?

ದಿನವೂ ಬಳಸುವ ಚಾಕುವಿಗೆ ತಿಂಗಳಿಗೊಮ್ಮೆ ಅಲ್ಲಾಟದ ಪರೀಕ್ಷೆ ಮತ್ತು ಎಣ್ಣೆ. ಉಪ್ಪುನೀರು, ಹಣ್ಣಿನ ರಸ ತಾಗಿದರೆ ಅಂದೇ ತೊಳೆಯಬೇಕು. ಬಿಚ್ಚುವುದಕ್ಕೆ ಮಾತ್ರ ದಿನ ಗೊತ್ತು ಮಾಡಿಕೊಳ್ಳಬೇಡಿ: ತೊಳೆದು ಎಣ್ಣೆ ಬಿಟ್ಟ ಮೇಲೂ ಗರಗರ ಹೋಗದಿದ್ದರೆ ಬಿಚ್ಚಿ, ಇಲ್ಲದಿದ್ದರೆ ಅದರ ಪಾಡಿಗೆ ಬಿಡಿ.